ಸಹಿಯಿಲ್ಲದ ಕಾಗದ

ಅಮೇರಿಕದ ಸ್ವಾತಂತ್ರ್ಯಯುದ್ಧದ ಮಾತು ಬಂದೊಡನೆ ಲೆಕ್ಸಿಂಗ್ಟನ್, ಸಾರಟೋಗ, ಯಾರ್ಕ್‌ಟೌನ್ ಎಂಬ ಮೂರು ಹೆಸರುಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವ ವಾಡಿಕೆಯುಂಟು. ಅದು ತಪ್ಪಲ್ಲ. ಆದರೆ ಆ ಪ್ರಜಾಸತ್ತೆಯು ತೊಟ್ಟಿಲಲ್ಲಿಯೇ ಅಳಿದುಹೋಗುವಂಥ ಗಂಡಾಂತರವು ಒದಗಿದ್ದು ಈ ರಣರಂಗಗಳಲ್ಲಿ ಯಾವದರಲ್ಲಿಯೂ ಅಲ್ಲ. ಅದು ಒದಗಿದ್ದು 1783ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ, ಹಡ್ಸನ್ ನದಿಯ ದಂಡೆಯ ನ್ಯೂಬರ್ಗ್ ಎಂಬ ಊರಿನ ಬಳಿಯ ಪಾಳೆಯದಲ್ಲಿ. ಅಲ್ಲಿ ಒಂದು ಗುಂಡೂ ಹಾರಲಿಲ್ಲ. ನಡೆದದ್ದೆಲ್ಲವೂ ಕಾಗದದ ಮೇಲೆ ನಡೆಯಿತು. ಆ ಕಾಗದಗಳನ್ನೇ ಈ ವಾರ ವಾಚಕ ಮಹಾಶಯರ ಮುಂದಿಡಬೇಕೆಂದು ನಾವು ಬಯಸಿದ್ದೇವೆ.

ಮೊದಲು ಪರಿಸ್ಥಿತಿಯನ್ನು ತಿಳಿಯತಕ್ಕದ್ದು. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನು ತನ್ನ ದಂಡನ್ನೆಲ್ಲ ಒಪ್ಪಿಸಿ ಶರಣಾದನು. 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟೀಪೂ ಸುಲ್ತಾನನಿಂದ ಅರ್ಧ ರಾಜ್ಯವನ್ನು ಬರೆಯಿಸಿಕೊಂಡವನು ಈತನೇ ಎಂಬದು ನಮ್ಮವರಿಗೆ ನೆನಪಿರಬಹುದು. ಯಾರ್ಕ್‌ಟೌನಿನ ತರುವಾಯ ದೊಡ್ಡ ಕಾಳಗಗಳು ನಿಂತವು, ಆದರೆ ಸಂಧಿಯಾಗಲಿಲ್ಲ. ಆದ್ದರಿಂದ ದಂಡನ್ನು ಕಳುಹಿಸಿಬಿಡುವಂತಿಲ್ಲ. ಇಟ್ಟುಕೊಳ್ಳೋಣವೆಂದರೆ ಸಂಬಳ ಕೊಡುವದಕ್ಕೆ ಹಣವಿಲ್ಲ. ಫಿಲಡೆಲ್ಫಿಯದಲ್ಲಿ ಕೂಡುತ್ತಿದ್ದ ಕಾಂಗ್ರೆಸ್ ಸಭೆಗೆ ಯುದ್ಧ ಸಾರುವ ಅಧಿಕಾರವಿತ್ತು, ಸಾಲ ಎತ್ತುವ ಅಧಿಕಾರವಿತ್ತು. ಕರ ಹಾಕುವ ಅಧಿಕಾರ ಮಾತ್ರ ಇರಲಿಲ್ಲ. ಪರದೇಶದಿಂದ ಬರುವ ಸರಕಿನ ಮೇಲೆ ನೂರಕ್ಕೆ 5ರಂತೆ ಸುಂಕ ಎತ್ತೋಣವೆಂದು 1781ರಲ್ಲಿ ಅದು ಕೇಳಿಕೊಂಡಿತು. ಅದಕ್ಕೆ 13 ಸಂಸ್ಥಾನಗಳೂ ಒಪ್ಪಬೇಕಾಗಿತ್ತು. ಎಲ್ಲಕ್ಕೂ ಕಿರಿದಾದ ರೋಡ್ ಐಲಂಡ್ ಸಂಸ್ಥಾನವು 1782ರ ನವೆಂಬರಿನಲ್ಲಿ ಒಲ್ಲೆನೆಂದಿತು. ಮರುತಿಂಗಳು ವರ್ಜೀನಿಯವು ತಾನು ಕೊಟ್ಟ ಒಪ್ಪಿಗೆಯನ್ನೂ ಹಿಂದಕ್ಕೆ ತೆಗೆದುಕೊಂಡಿತು. ಹೀಗೆ ಒಂದು ಬಿರುಕಿನಿಂದ ಕೆರೆಯ ನೀರೆಲ್ಲ ಬಸಿದುಹೋಯಿತು.

ಸೇವೆ ಮುಗಿದ ಮೇಲೆ ಬದುಕಿರುವವರೆಗೂ ಅರ್ಧ ವೇತನ ಕೊಡುವೆವೆಂದು 1780ರ ಅಕ್ಟೋಬರಿನಲ್ಲಿ ಇದೇ ಕಾಂಗ್ರೆಸ್ಸು ಸೈನ್ಯದ ಅಧಿಕಾರಿಗಳಿಗೆ ಮಾತು ಕೊಟ್ಟಿತ್ತು. ಅರ್ಧ ವೇತನದ ಮಾತಿರಲಿ, ಆಗ ದುಡಿಯುತ್ತಿದ್ದ ಕಾಲದ ವೇತನವೇ ಎಷ್ಟೋ ತಿಂಗಳಿಂದ ಬಾಕಿ ಬಿದ್ದಿತ್ತು. ಊರಿನಲ್ಲಿ ಹೊಲ ಅಡವಾಗಿದೆ, ಮೈಮೇಲಿನ ಅಂಗಿ ಹರಿದಿದೆ; ಕಾದಾಡುವದಕ್ಕೆ ವೈರಿಯೂ ಎದುರಿಗಿಲ್ಲ. ಕೆಲಸವಿಲ್ಲದೆ ಹಸಿದು ಕುಳಿತ ಸಾವಿರಾರು ಆಯುಧಪಾಣಿಗಳು ಒಂದು ಕಡೆ, ಬರಿಗೈಯ ಸಭೆಯೊಂದು ಇನ್ನೊಂದು ಕಡೆ. ಇಬ್ಬರ ನಡುವೆ ಪತ್ರ ಹೊತ್ತು ಓಡುವ ಕುದುರೆಯ ಸವಾರರ ಹೊರತು ಬೇರೆ ಸೇತುವೆಯಿರಲಿಲ್ಲ.

ಮೊದಲನೆಯ ಕಾಗದವು 1782ರ ಮೇ 22ನೆಯ ತಾರೀಖಿನದು. ಲೂಯಿ ನಿಕೋಲ ಎಂಬ ವಯಸ್ಸಾದ ಕರ್ನಲನು ಸೇನಾಧಿಪತಿಗಳಾದ ಜಾರ್ಜ್ ವಾಶಿಂಗ್ಟನರಿಗೆ ನೀಳವಾದ ಪತ್ರವೊಂದನ್ನು ಬರೆದನು. ಪ್ರಜಾಸತ್ತೆಯ ದೌರ್ಬಲ್ಯವನ್ನು ಕಣ್ಣಾರೆ ಕಂಡಾಯಿತು, ಯುದ್ಧದಲ್ಲಿ ದಾರಿ ತೋರಿದವನೇ ಶಾಂತಿಯಲ್ಲಿಯೂ ತೋರಲಿ, ಅವನಿಗೆ ಅರಸನೆಂಬ ಬಿರುದು ಸಂದರೂ ಬಾಧಕವಿಲ್ಲ ಎಂಬದು ಅದರ ತಾತ್ಪರ್ಯ. ವಾಶಿಂಗ್ಟನರು ಆ ದಿನವೇ ಉತ್ತರ ಬರೆದರು. ಯುದ್ಧದ ಯಾವ ಪ್ರಸಂಗವೂ ತಮಗೆ ಇಷ್ಟು ನೋವನ್ನುಂಟುಮಾಡಿಲ್ಲವೆಂದೂ, ಇಂಥ ವಿಚಾರವನ್ನು ಮನಸ್ಸಿನಿಂದ ಕಿತ್ತೊಗೆಯಬೇಕೆಂದೂ ಅದರಲ್ಲಿ ಆಜ್ಞಾಪಿಸಿದರು. ನ್ಯಾಯಾಸ್ಥಾನದ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಹೆಚ್ಚು ಮೆಚ್ಚಿಗೆಯಾಗುವ ಸಂಗತಿಯೆಂದರೆ, ತಮ್ಮ ಕಾರ್ಯದರ್ಶಿಗಳಿಬ್ಬರಿಂದ ಆ ಉತ್ತರದ ಪ್ರತಿಯು ಮೂಲಕ್ಕೆ ಸರಿಯಾಗಿದೆಯೆಂದು ಸಹಿ ಹಾಕಿಸಿ ಅವರು ಅದನ್ನು ದಪ್ತರದಲ್ಲಿ ಇರಿಸಿದ್ದು. ಕಿರೀಟವನ್ನು ಬೇಡವೆಂದವರು ಇತಿಹಾಸದಲ್ಲಿ ವಿರಳ. ಬೇಡವೆಂದದ್ದಕ್ಕೆ ಸಾಕ್ಷಿಯ ಸಹಿ ಪಡೆದವರು ಅದಕ್ಕಿಂತಲೂ ವಿರಳ. ಪಾಪ, ನಿಕೋಲನು ಬೆದರಿ ಮೂರು ಕ್ಷಮಾಪತ್ರಗಳನ್ನು ಬರೆದನು. ಆತನು ದುಷ್ಟನಲ್ಲ. ತನ್ನ ವಿಚಾರಕ್ಕೆ ತನ್ನ ಹೆಸರನ್ನು ಹಾಕಿದ್ದನು, ಅದರ ಫಲವನ್ನೂ ಉಂಡನು.

ಇನ್ನು ಎರಡನೆಯ ಕಾಗದ. 1782ರ ಡಿಸೆಂಬರಿನಲ್ಲಿ ಜನರಲ್ ಮೆಕ್‌ಡೂಗಲ್ ಮೊದಲಾದ ಮೂವರು ಅಧಿಕಾರಿಗಳು ದಂಡಿನ ಅಹವಾಲನ್ನು ಹಿಡಿದು ಫಿಲಡೆಲ್ಫಿಯಕ್ಕೆ ಹೋದರು. ಅಲ್ಲಿ ಅವರಿಗೆ ಮರ್ಯಾದೆ ದೊರೆಯಿತು, ದುಡ್ಡು ದೊರೆಯಲಿಲ್ಲ. ಆಗ ಕಾಂಗ್ರೆಸ್ಸಿನೊಳಗಿನ ಕೆಲವು ಬುದ್ಧಿವಂತರಿಗೆ ಒಂದು ಯುಕ್ತಿ ಹೊಳೆಯಿತು. ಸಂಸ್ಥಾನಗಳು ಸಭೆಯ ಮಾತಿಗೆ ಬಗ್ಗುವದಿಲ್ಲ, ದಂಡಿನ ಗುರುಗುಟ್ಟುವಿಕೆಗಾದರೂ ಬಗ್ಗಿಯಾವು ಎಂಬದು ಅವರ ಎಣಿಕೆ. ವಾಶಿಂಗ್ಟನರ ಬಳಿ ಹಿಂದೆ ಲೇಖಕನಾಗಿದ್ದು ಆಗ ಕಾಂಗ್ರೆಸ್ಸಿನ ಸದಸ್ಯನಾಗಿದ್ದ ಅಲೆಗ್ಸಾಂಡರ್ ಹ್ಯಾಮಿಲ್ಟನನು ಫೆಬ್ರುವರಿಯಲ್ಲಿ ತನ್ನ ಹಳೆಯ ಯಜಮಾನರಿಗೆ ಬರೆದನು. ಸೈನ್ಯದ ಬೇಡಿಕೆಯನ್ನು ಮಿತವಾಗಿ, ಆದರೆ ಗಟ್ಟಿಯಾಗಿ ಒತ್ತಿದರೆ ದುರ್ಬಲ ಮನಸ್ಸಿನವರ ಮೇಲೆ ಪರಿಣಾಮವಾದೀತು. ಸೂತ್ರ ಮಾತ್ರ ತಮ್ಮ ಕೈಯಲ್ಲಿರಲಿ ಎಂಬದು ಅದರ ಧ್ವನಿ. ಹ್ಯಾಮಿಲ್ಟನನ ಪ್ರತಿಭೆಯನ್ನು ನಾವು ಅಲ್ಲಗಳೆಯುವದಿಲ್ಲ. ಅವನ ಉದ್ದೇಶವೂ ಒಳ್ಳೆಯದೇ ಇದ್ದಿತು. ಆದರೂ ಇದು ಮನೆಯ ಚಳಿ ಬಿಡಿಸಲು ಸೂರಿಗೆ ಕಿಡಿ ಹಚ್ಚುವ ಉಪಾಯವೆಂದು ಹೇಳದೆ ವಿಧಿಯಿಲ್ಲ. ಸೈನ್ಯವು ಆಟಕ್ಕೆ ತಕ್ಕ ಉಪಕರಣವಲ್ಲವೆಂದು ವಾಶಿಂಗ್ಟನರು ಏಪ್ರಿಲ್ 4ರಂದು ಅವನಿಗೆ ಬರೆದ ಪತ್ರದಲ್ಲಿ ನೆಟ್ಟಗೆ ತಿಳಿಸಿದ್ದಾರೆ.

ಅಷ್ಟರಲ್ಲಿ ಮೂರನೆಯ ಕಾಗದ ಬಂದಿತ್ತು. ಅದಕ್ಕೆ ಸಹಿಯಿರಲಿಲ್ಲ. ಮಾರ್ಚ್ 10ರಂದು ಪಾಳೆಯದಲ್ಲಿ ಕೈಯಿಂದ ಕೈಗೆ ಹರಿದಾಡಿದ ಆ ಬರವಣಿಗೆಯು ಅಪ್ಪಟ ಬೆಂಕಿ. ಸಂಧಿಯಾದರೆ ನ್ಯಾಯ ಸಿಕ್ಕುವವರೆಗೆ ಆಯುಧ ಕೆಳಗಿಡಬೇಡಿರಿ. ಯುದ್ಧ ಮುಂದುವರಿದರೆ ಈ ಕೃತಘ್ನ ದೇಶವನ್ನು ವೈರಿಗೆ ಬಿಟ್ಟು ಕಾಡಿನತ್ತ ನಡೆಯಿರಿ. ಇನ್ನಷ್ಟು ತಾಳ್ಮೆಯನ್ನು ಬೋಧಿಸುವವನು ಯಾವನೇ ಆಗಲಿ ಅವನನ್ನು ಸಂಶಯದಿಂದ ನೋಡಿರಿ, ಹೀಗೆಂದು ಅದು ಅಧಿಕಾರಿಗಳನ್ನು ಕೆರಳಿಸಿತು. ಕೊನೆಯ ಮಾತು ಯಾರ ಮೇಲೆ ಬಿಟ್ಟ ಬಾಣವೆಂಬದು ಎಲ್ಲರಿಗೂ ತಿಳಿದಿತ್ತು. ಮರುದಿನವೇ ಸಭೆ ಸೇರತಕ್ಕದ್ದೆಂಬ ಕರೆಯೂ ಹೆಸರಿಲ್ಲದೆಯೇ ಹೊರಟಿತು. ಬರೆದವನು ಜಾನ್ ಆರ್ಮ್‌ಸ್ಟ್ರಾಂಗ್, ದಂಡಿನಲ್ಲಿ ವಾಶಿಂಗ್ಟನರ ತರುವಾಯದವನಾದ ಜನರಲ್ ಗೇಟ್ಸನ ಅಂಗಸಹಾಯಕ, 24 ವರ್ಷದ ತರುಣ. ಈ ಸಂಗತಿಯು ಬಹಳ ದಿನಗಳ ಮೇಲೆ ಅವನ ಬಾಯಿಂದಲೇ ಹೊರಬಿದ್ದಿತು.

ಆ ಬರವಣಿಗೆಯ ಒಂದೊಂದು ಆಕ್ಷೇಪವೂ ನಿಜವಾಗಿತ್ತೆಂಬದನ್ನು ನಾವು ಮರೆಯಕೂಡದು. ಸಂಬಳ ಬಾಕಿಯಿದ್ದದ್ದು ನಿಜ, ಕೊಟ್ಟ ಮಾತು ಮುರಿಯುತ್ತಿದ್ದದ್ದು ನಿಜ. ನಮ್ಮ ದೃಷ್ಟಿಯಲ್ಲಿ ಅದರ ದೋಷವು ಹೇಳಿದ್ದರಲ್ಲಿ ಇಲ್ಲ, ಹೇಳಿದವನು ಮರೆಯಾದದ್ದರಲ್ಲಿದೆ. ಎಲ್ಲವನ್ನೂ ಪಣಕ್ಕಿಡಿರೆಂದು ಸಾವಿರ ಜನರಿಗೆ ಉಪದೇಶಿಸುವವನು ತನ್ನ ಹೆಸರನ್ನೂ ಪಣಕ್ಕಿಡಲು ಸಿದ್ಧನಿರಲಿಲ್ಲ. ಮೂಕರ್ಜಿ ಬರೆಯುವವರ ಮನೋಧರ್ಮವನ್ನು ತಾಲ್ಲೂಕು ಕಚೇರಿಗಳಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾಶಿಂಗ್ಟನರು ಇದಕ್ಕೆ ಪ್ರತಿಯಾಗಿ ಮಾಡಿದ್ದನ್ನು ಕ್ರಮವಾಗಿ ನೋಡಬೇಕು. ಬರೆದವನನ್ನು ಹುಡುಕಿಸಲಿಲ್ಲ, ಯಾರನ್ನೂ ಸೆರೆಗೆ ಹಾಕಲಿಲ್ಲ. 11ರಂದು ತಮ್ಮ ಹೆಸರಿನಿಂದಲೇ ಹುಕುಮು ಹೊರಡಿಸಿ, ಆ ಅನಾಮಧೇಯ ಕರೆಯನ್ನು ಖಂಡಿಸಿ, ಸಭೆಯು 15ನೆಯ ಶನಿವಾರ ಕ್ರಮಬದ್ಧವಾಗಿ ಕೂಡತಕ್ಕದ್ದೆಂದು ಗೊತ್ತುಪಡಿಸಿದರು. ಬಿಸಿಯಾರಲು ನಾಲ್ಕು ದಿನಗಳ ಬಿಡುವು ದೊರೆಯಿತು. 12ರಂದು ಆ ಕಾಗದದ ನಕಲುಗಳನ್ನೇ ಕಾಂಗ್ರೆಸ್ಸಿಗೆ ಕಳುಹಿಸಿಬಿಟ್ಟರು. ದಂಡಿನ ಗುಟ್ಟನ್ನು ದಂಡಿನೊಳಗೇ ಮುಚ್ಚಿಡುವದು ಸೇನಾಪತಿಗಳ ಸಾಮಾನ್ಯ ಸ್ವಭಾವ. ಇವರು ತಮ್ಮ ಮನೆಯ ಹುಳುಕನ್ನು ಒಡೆಯರ ಮುಂದೆ ತಾವಾಗಿಯೇ ಇಟ್ಟರು.

ಶನಿವಾರ ಸಭೆ ಸೇರಿತು. ಅವರು ಬರುವದನ್ನು ಅಧಿಕಾರಿಗಳು ನಿರೀಕ್ಷಿಸಿರಲಿಲ್ಲ. ಬರೆದು ತಂದ ಭಾಷಣವನ್ನು ಓದಿದರು. ಅನಾಮಧೇಯನ ಲೇಖನಿಯನ್ನು ಹೊಗಳಿ, ಅವನ ಹೃದಯವೂ ಅಷ್ಟೇ ಚೆನ್ನಾಗಿದ್ದರೆ ಲೇಸಾಗುತ್ತಿತ್ತೆಂದು ಚುಚ್ಚಿದರು. ಆ ಭಾಷಣವು ಕೇಳಿದವರ ಮನಸ್ಸನ್ನು ಪೂರ್ತಿಯಾಗಿ ಒಲಿಸಿಕೊಂಡಂತೆ ತೋರಲಿಲ್ಲ. ಆಮೇಲೆ ವರ್ಜೀನಿಯದ ಪ್ರತಿನಿಧಿ ಜೋಸೆಫ್ ಜೋನ್ಸನು ತಮಗೆ ಬರೆದಿದ್ದ ಪತ್ರವೊಂದನ್ನು ಕಿಸೆಯಿಂದ ತೆಗೆದರು. ಕಾಂಗ್ರೆಸ್ಸಿನ ಇಕ್ಕಟ್ಟುಗಳನ್ನು ವಿವರಿಸುವ ಪತ್ರವದು. ಒಂದೆರಡು ಸಾಲು ಓದಿ ತಡವರಿಸಿದರು. ಕನ್ನಡಕಕ್ಕಾಗಿ ಕೈ ಹಾಕಿದರು. ಅವರು ಕನ್ನಡಕ ಧರಿಸಿದ್ದನ್ನು ಅಲ್ಲಿದ್ದ ಬಹುಮಂದಿ ಕಂಡಿರಲೇ ಇಲ್ಲ. ನಿಮ್ಮ ಸೇವೆಯಲ್ಲಿ ಕೂದಲು ನರೆಯಿತು, ಈಗ ಕಣ್ಣೂ ಮಂಜಾಗುತ್ತಿದೆ ಎಂಬರ್ಥದ ಮಾತನ್ನಾಡಿ ಅದನ್ನು ಮೂಗಿಗೇರಿಸಿಕೊಂಡರು. ಹಲವರ ಕಣ್ಣು ತುಂಬಿದವು. ಅವರು ಹೊರಟುಹೋದ ಮೇಲೆ, ಗೇಟ್ಸನೇ ಅಧ್ಯಕ್ಷನಾಗಿದ್ದ ಆ ಸಭೆಯು ಕಾಂಗ್ರೆಸ್ಸಿನಲ್ಲಿ ವಿಶ್ವಾಸವನ್ನು ಸೂಚಿಸಿ, ಅನಾಮಧೇಯ ಕಾಗದವನ್ನು ಧಿಕ್ಕರಿಸಿ ನಿರ್ಣಯ ಮಾಡಿತು. ಓದಲಾರದ ಒಂದು ಪತ್ರವು ಚೆನ್ನಾಗಿ ಬರೆದ ಇನ್ನೊಂದು ಪತ್ರವನ್ನು ಸೋಲಿಸಿತು.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಸಂಧಿಯ ಪೂರ್ವಕರಾರು ಪ್ಯಾರಿಸ್ಸಿನಲ್ಲಿ 1782ರ ನವೆಂಬರ್ 30ರಂದೇ ಸಹಿಯಾಗಿತ್ತು. ಆ ಪತ್ರಗಳು ಫಿಲಡೆಲ್ಫಿಯಕ್ಕೆ ಬಂದು ಮುಟ್ಟಿದ್ದು ಮಾರ್ಚ್ 12ರಂದು, ಎಂದರೆ ನ್ಯೂಬರ್ಗಿನಲ್ಲಿ ಆ ಕಾಗದ ಕೈಯಾಡಿದ ಎರಡೇ ದಿನಗಳ ಮೇಲೆ. ತಂದ ಹಡಗಿನ ಹೆಸರು ಜನರಲ್ ವಾಶಿಂಗ್ಟನ್, ಅದರ ನಾಯಕನು ಜೋಶುವ ಬಾರ್ನಿ. ಆ ಹಡಗನ್ನು ಆಂಗ್ಲರಿಂದ 1782ರ ಏಪ್ರಿಲಿನಲ್ಲಿ ಗೆದ್ದುಕೊಂಡವನೂ ಆತನೇ. ಗೆಲ್ಲುವಾಗ ಆತನು ಏರಿದ್ದ ಪೆನ್ಸಿಲ್ವೇನಿಯದ ನೌಕೆಯ ಹೆಸರು ಹೈದರ್ ಅಲಿ! ಆಂಗ್ಲರ ಶತ್ರುವೆಂದು ನಮ್ಮ ಮೈಸೂರಿನ ನವಾಬನ ಹೆಸರು ಅಷ್ಟು ದೂರದ ಬಂದರಿನಲ್ಲಿಯೂ ಮನ್ನಣೆ ಪಡೆದಿತ್ತು. ಸಿಪಾಯಿಯಾಗಿ ಸೇರಿ, ಅರಸರನ್ನು ಅರಮನೆಯಲ್ಲಿರಿಸಿ, ದಂಡಿನ ಬಲದಿಂದ ರಾಜ್ಯವನ್ನೇ ಕೈಗೆ ತೆಗೆದುಕೊಂಡವನ ಹೆಸರಿನ ಹಡಗು ಗೆದ್ದು ತಂದ ನೌಕೆಯೇ, ಅದನ್ನು ಮಾಡಲೊಲ್ಲೆನೆಂದವನ ಹೆಸರನ್ನು ಹೊತ್ತು ಶಾಂತಿಯ ವಾರ್ತೆಯನ್ನು ತಂದಿತು. ಆ ವೇಳೆಗೆ ಹೈದರನು ತೀರಿಕೊಂಡು ಮೂರು ತಿಂಗಳು ಕಳೆದಿತ್ತು.

ಮಾರ್ಚ್ 22ರಂದು ಕಾಂಗ್ರೆಸ್ಸು ಅರ್ಧ ವೇತನಕ್ಕೆ ಬದಲು ಐದು ವರ್ಷದ ಪೂರ್ಣ ವೇತನವನ್ನು ಸಾಲಪತ್ರಗಳಲ್ಲಿ ಕೊಡಲೊಪ್ಪಿತು. ಇಲ್ಲಿಗೆ ಕಥೆ ಸುಖಾಂತವಾಯಿತೆಂದು ಬರೆಯುವವರುಂಟು. ನಾವು ಹಾಗೆ ಬರೆಯಲಾರೆವು. ಜೂನ್ ತಿಂಗಳಲ್ಲಿ ಸೈನಿಕರನ್ನು ಮನೆಗೆ ಕಳುಹಿಸಿದಾಗ ಕೊಡಬೇಕೆಂದಿದ್ದ ಮೂರು ತಿಂಗಳ ವೇತನದ ಚೀಟಿಗಳು ಕೂಡ ಸಕಾಲಕ್ಕೆ ಬರಲಿಲ್ಲ. ಎಷ್ಟೋ ಜನ ಬರಿಗೈಯಲ್ಲಿ ಊರ ದಾರಿ ಹಿಡಿದರು. ಸಾಲಪತ್ರಗಳ ಬೆಲೆ ಇಳಿದು, ಹೊಟ್ಟೆಗಾಗಿ ಅವನ್ನು ಸಾಹುಕಾರರಿಗೆ ಕವಡೆಯ ಬೆಲೆಗೆ ಮಾರಿದವರು ಬಹುಮಂದಿ. 1790ರಲ್ಲಿ ಸರಕಾರವು ಪೂರ್ತಿ ಹಣ ಸಲ್ಲಿಸಲು ಮುಂದೆ ಬಂದಾಗ ಅದು ಸೇರಿದ್ದು ಪತ್ರ ಹಿಡಿದಿದ್ದ ಸಾಹುಕಾರನಿಗೆ, ಗಾಯಗೊಂಡ ಸಿಪಾಯಿಗೆ ಅಲ್ಲ. ನಿಯಮಕ್ಕೆ ತಲೆಬಾಗಿದವನಿಗೆ ನಿಯಮವು ಇತ್ತ ಸಂಭಾವನೆ ಇದು. ಇನ್ನೊಂದು ಮಾತನ್ನೂ ಮುಚ್ಚಿಡಲಾಗದು. ಸಂಸ್ಥಾನಗಳಿಗೆಲ್ಲ ಸ್ವಾತಂತ್ರ್ಯದ ಹೊಣೆಯನ್ನು ಕುರಿತು ಜೂನ್ 8ರಂದು ಸುತ್ತೋಲೆ ಬರೆದ ವಾಶಿಂಗ್ಟನರೇ, ಏಪ್ರಿಲಿನಲ್ಲಿ ಬರೆದ ಬೇರೊಂದು ಪತ್ರದಲ್ಲಿ, ಆಂಗ್ಲರ ಆಶ್ರಯ ಹೊಕ್ಕಿದ್ದ ತಮ್ಮ ಗುಲಾಮರಲ್ಲಿ ಕೆಲವರು ನ್ಯೂಯಾರ್ಕಿನಲ್ಲಿದ್ದರೆ ಹಿಡಿದುಕೊಡಬೇಕೆಂದು ಕೇಳಿಕೊಂಡಿದ್ದಾರೆ. ಅದಕ್ಕೂ ಅವರ ಸಹಿಯಿದೆ.

ಆ ಪತ್ರವು ನಮಗೆ ಇಂದು ತಿಳಿದಿರುವದಕ್ಕೆ ಕಾರಣವೂ ಅವರೇ. ತಮ್ಮ ಕಾಗದಪತ್ರಗಳನ್ನೆಲ್ಲ ಸ್ವಂತದ ಆಸ್ತಿಯೆಂದಲ್ಲ, ಸಾರ್ವಜನಿಕ ದಾಖಲೆಯೆಂದು ಎಣಿಸಿ, ಅವನ್ನು ಚೊಕ್ಕವಾಗಿ ನಕಲು ಮಾಡಿಸಲು 1781ರಲ್ಲಿ ಅವರು ಕಾಂಗ್ರೆಸ್ಸಿನ ಅಪ್ಪಣೆ ಪಡೆದರು. ರಿಚರ್ಡ್ ವೇರಿಕ್ ಎಂಬವನು ಲೇಖಕರ ತಂಡವನ್ನು ಕಟ್ಟಿಕೊಂಡು ಎರಡು ವರ್ಷಕ್ಕೂ ಮೇಲ್ಪಟ್ಟು ದುಡಿದು 44 ಸಂಪುಟಗಳನ್ನು ಸಿದ್ಧಪಡಿಸಿದನು. ಈ ವೇರಿಕನು ದೇಶದ್ರೋಹಿ ಬೆನೆಡಿಕ್ಟ್ ಆರ್ನಾಲ್ಡನ ಬಳಿ ಕೆಲಸದಲ್ಲಿದ್ದು, ವಿಚಾರಣೆಗೆ ಒಳಗಾಗಿ ನಿರ್ದೋಷಿಯೆಂದು ತೇರ್ಗಡೆಯಾದವನು. ಅಂಥವನ ಕೈಗೆ ಇಡೀ ದಪ್ತರವನ್ನೊಪ್ಪಿಸಿದ್ದು ಬೇಹುಗಾರಿಕೆಯ ಆ ಕಾಲದಲ್ಲಿ ಸಣ್ಣ ಮಾತಲ್ಲ.

1783ರ ಡಿಸೆಂಬರ್ 23ರಂದು ಅನಾಪೊಲಿಸ್ ಊರಿನಲ್ಲಿ ವಾಶಿಂಗ್ಟನರು ತಮ್ಮ ನೇಮಕದ ಸನದನ್ನು ಕಾಂಗ್ರೆಸ್ಸಿಗೆ ಮರಳಿ ಒಪ್ಪಿಸಿದರು. ಸದಸ್ಯರು ಟೋಪಿ ತೊಟ್ಟು ಕುಳಿತೇ ಇದ್ದರು. ಗೆದ್ದ ದಂಡನಾಯಕನು ನಿಂತು ತಲೆಬಾಗಿದನು. ಅಂದು ಇಪ್ಪತ್ತರಷ್ಟು ಮಾತ್ರ ಸದಸ್ಯರಿದ್ದ ಆ ಬಡ ಸಭೆಯು ಅವನ ಒಂದು ದಳವನ್ನೂ ತಡೆಯಬಲ್ಲ ಸ್ಥಿತಿಯಲ್ಲಿರಲಿಲ್ಲ.

ಇನ್ನು ಆರ್ಮ್‌ಸ್ಟ್ರಾಂಗನ ಸಂಗತಿ. ಅವನಿಗೆ ಶಿಕ್ಷೆಯಾಗಲಿಲ್ಲ, 1813ರಲ್ಲಿ ಅವನು ಅಮೇರಿಕದ ಯುದ್ಧಮಂತ್ರಿಯೇ ಆದನು. 1814ರ ಆಗಸ್ಟಿನಲ್ಲಿ ಆಂಗ್ಲ ಸೈನ್ಯವು ರಾಜಧಾನಿಯ ಕಡೆಗೆ ನಡೆಯಿತು. ವಿದೇಶಾಂಗ ಕಚೇರಿಯ ಗುಮಾಸ್ತ ಸ್ಟೀಫನ್ ಪ್ಲೆಸಂಟನ್ ಎಂಬವನು ಒರಟು ನಾರುಬಟ್ಟೆಯನ್ನು ಕೊಂಡು, ಚೀಲಗಳನ್ನು ಹೊಲಿಸಿ, ಹಳೆಯ ದಸ್ತೈವಜುಗಳನ್ನು ಅವುಗಳಲ್ಲಿ ತುಂಬಹತ್ತಿದನು. ಸ್ವಾತಂತ್ರ್ಯದ ಘೋಷಣಾಪತ್ರ, ರಾಜ್ಯಘಟನೆ, ವಾಶಿಂಗ್ಟನರ ಪತ್ರವ್ಯವಹಾರ, ಅವರು ಮರಳಿ ಒಪ್ಪಿಸಿದ್ದ ಆ ಸನದು, ಎಲ್ಲವೂ ಅದರಲ್ಲಿದ್ದವು. ಅದೇ ಕಟ್ಟಡದಲ್ಲಿ ಯುದ್ಧಮಂತ್ರಿಯ ಕಚೇರಿಯೂ ಇದ್ದಿತು. ಪಡಸಾಲೆಯಲ್ಲಿ ಹಾದುಹೋಗುತ್ತಿದ್ದ ಆರ್ಮ್‌ಸ್ಟ್ರಾಂಗನು ಆ ಗಡಿಬಿಡಿಯನ್ನು ನೋಡಿ, ಇಷ್ಟು ಗಾಬರಿ ಅನವಶ್ಯಕ, ವೈರಿಯು ಇಲ್ಲಿಗೆ ಬರುವನೆಂದು ತನಗೆ ತೋರುವದಿಲ್ಲವೆಂದನು. ತನ್ನ ಅಭಿಪ್ರಾಯ ಬೇರೆ, ಕಾಗದಗಳನ್ನು ಕಾಯುವದು ಜಾಣತನವೆಂದು ಗುಮಾಸ್ತನು ಉತ್ತರ ಕೊಟ್ಟು ಚೀಲಗಳನ್ನು ಬಂಡಿಗಳಿಗೆ ಹೇರಿಸಿದನು. ಬಂಡಿಗಳು ಪೊಟೊಮ್ಯಾಕ್ ನದಿಯನ್ನು ದಾಟಿ, ಮೊದಲು ಒಂದು ಗಿರಣಿಗೆ, ಅಲ್ಲಿಂದ 35 ಮೈಲು ದೂರದ ಲೀಸ್‌ಬರ್ಗ್ ಊರಿನ ಬರಿದಾದ ಮನೆಯೊಂದಕ್ಕೆ ಹೋಗಿ ಸೇರಿದವು. ಆಗಸ್ಟ್ 24ರ ರಾತ್ರಿ ಕ್ಯಾಪಿಟಲ್ ಭವನವೂ ಅಧ್ಯಕ್ಷರ ಮನೆಯೂ ಉರಿದವು. ಮರುದಿನ ಯುದ್ಧಮಂತ್ರಿಯ ಕಚೇರಿಯೂ ಉರಿಯಿತು.