ಎ.ಸಿ. ತರುವ ಮೊದಲು ಮಾಡಿನ ಕಡೆ ನೋಡಿ

ಕಳೆದ ಏಪ್ರಿಲ್ ತಿಂಗಳಿಡೀ ನಮ್ಮ ಮನೆಯಲ್ಲಿ ಒಂದೇ ಮಾತು: ಎ.ಸಿ. ತರುವುದೋ ಬೇಡವೋ. ನಮ್ಮದು ಹಂಚಿನ ಮನೆಯಾಗಿತ್ತು. ಮಳೆಗಾಲದಲ್ಲಿ ಸೋರುವ ಕಾಟ ತಾಳಲಾರದೆ ನಾಲ್ಕು ವರ್ಷದ ಹಿಂದೆ ಹಂಚು ಇಳಿಸಿ ಬಣ್ಣದ ಶೀಟ್ ಹಾಕಿಸಿದರು. ಸೋರುವುದು ನಿಂತಿತು, ಸೆಕೆ ಶುರುವಾಯಿತು. ಮಧ್ಯಾಹ್ನ ಎರಡು ಗಂಟೆಗೆ ಅಜ್ಜಿ ಚಾಪೆ ಹಿಡಿದು ಜಗಲಿಗೆ ಹೋಗುತ್ತಿದ್ದರು. ಗಲ್ಫ್‌ನಲ್ಲಿರುವ ಅಣ್ಣ ಎ.ಸಿ.ಗೆ ದುಡ್ಡು ಕಳಿಸುತ್ತೇನೆ ಎಂದ. ಬೇಡ ಎಂದವಳು ನಾನೊಬ್ಬಳೇ.

ನನ್ನ ಚಿಂತೆ ಎ.ಸಿ.ಯ ಬೆಲೆಯದ್ದಲ್ಲ, ಆಮೇಲಿನ ಬಿಲ್ಲಿನದ್ದು. ಗೃಹಜ್ಯೋತಿ ಬಂದ 2023ರಿಂದ ನಮ್ಮ ಮನೆಗೆ ಸೊನ್ನೆ ಬಿಲ್. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚಾದ ನಾಲ್ಕು ಯೂನಿಟ್‌ಗಷ್ಟೇ ಅಲ್ಲ, ಇಡೀ ಬಿಲ್ ಕಟ್ಟಬೇಕು. ದಿನಕ್ಕೆ ಐದು ಯೂನಿಟ್ ತಿನ್ನುವ ಎ.ಸಿ. ತಿಂಗಳಿಗೆ 150 ತಿನ್ನುತ್ತದೆ. ಫ್ರಿಜ್, ಫ್ಯಾನ್, ಪಂಪು ಸೇರಿದರೆ ಗೆರೆ ದಾಟಿದ ಹಾಗೆಯೇ.

ಪ್ರಥಮ ಪಿ.ಯು.ಸಿ.ಯಲ್ಲಿ ಸ್ಟೀಫನ್–ಬೋಲ್ಟ್ಸ್‌ಮನ್ ನಿಯಮವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದನ್ನು ಮನೆಯ ಮಾಡಿಗೆ ಹಾಕಿ ನೋಡಿದೆ. ಶೀಟ್ 60 ಡಿಗ್ರಿ ಕಾದಿದೆ, ಕೆಳಗಿನ ಅಟ್ಟ 35 ಡಿಗ್ರಿ ಇದೆ ಎಂದು ಹಿಡಿದರೆ ವಿಕಿರಣದಿಂದಲೇ ಪ್ರತಿ ಚದರ ಮೀಟರಿಗೆ ಸುಮಾರು 150 ವಾಟ್ ಕೆಳಗಿಳಿಯುತ್ತದೆ. ಫ್ಯಾನ್ ಇದನ್ನು ಓಡಿಸಲಾರದು. ಹೊಳೆಯುವ ಅಲ್ಯೂಮಿನಿಯಂ ಫಾಯಿಲ್ ತಾನು ಕಾದರೂ ಶಾಖವನ್ನು ಬಹಳ ಕಡಿಮೆ ಹೊರಸೂಸುತ್ತದೆ. ಶೀಟಿನ ಕೆಳಗೆ ಅದನ್ನು ಕಟ್ಟಿದರೆ ಅದೇ ಲೆಕ್ಕ 10 ವಾಟ್‌ಗಿಂತ ಕೆಳಗೆ ಬರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಗಾಳಿಯ ಮೂಲಕ ಬರುವ ಬಿಸಿ ಬೇರೆ ಇದ್ದೇ ಇದೆ.

ಅಂಗಡಿಯವರೊಬ್ಬರು ಹದಿನೈದು ಡಿಗ್ರಿ ಇಳಿಯುತ್ತದೆ ಎಂದರು. ನಂಬಬೇಡಿ. ಅಮೆರಿಕದ ಇಂಧನ ಇಲಾಖೆ ಬಿಸಿಲಿನ ಪ್ರದೇಶದ ಅಟ್ಟಗಳಿಗೆ ಹೇಳುವುದು ಇಷ್ಟೇ: ತಂಪಾಗಿಸುವ ಖರ್ಚು ಶೇ. 5ರಿಂದ 10ರಷ್ಟು ಇಳಿಯಬಹುದು. ಆದರೆ ಅಲ್ಲಿನ ಅಟ್ಟಗಳಲ್ಲಿ ಸಾಮಾನ್ಯವಾಗಿ ಶಾಖ ತಡೆಯುವ ದಪ್ಪ ಹೊದಿಕೆ ಮೊದಲೇ ಇರುತ್ತದೆ. ನಮ್ಮಲ್ಲಿ ಬರೀ ಶೀಟ್.

ಫಾಯಿಲ್, ತಂತಿ, ಕೂಲಿ ಸೇರಿ ನಮಗೆ ಹತ್ತು ಸಾವಿರದೊಳಗೆ ಮುಗಿಯಿತು. ಮೊದಲ ದಿನ ಕೆಲಸದವರು ಫಾಯಿಲನ್ನು ಶೀಟಿಗೇ ಒತ್ತಿ, ಹೊಳೆಯುವ ಬದಿಯನ್ನು ಮೇಲೆ ಮಾಡಿ ಕಟ್ಟಿಬಿಟ್ಟರು. ಬಿಚ್ಚಿಸಿದೆವು. ಹೊಳಪಿನ ಮುಂದೆ ಗಾಳಿ ಇರಲೇಬೇಕು, ಏನಾದರೂ ತಾಗಿದರೆ ಶಾಖ ನೇರವಾಗಿ ದಾಟುತ್ತದೆ. ಅಟ್ಟದ ಮೇಲೆ ಹಾಸಿದರೂ ಆಗುತ್ತದೆ, ಆದರೆ ಧೂಳು ಕೂತಷ್ಟೂ ಪ್ರಯೋಜನ ಕಡಿಮೆ. ಹಾಗಾಗಿ ಪಕಾಸಿಗೆ ಕಟ್ಟಿ ಹೊಳಪನ್ನು ಕೆಳಮುಖ ಮಾಡುವುದೇ ಒಳ್ಳೆಯದು. ಮೇಲಿನ ಬಿಸಿಗಾಳಿ ಹೋಗಲು ಎರಡೂ ತುದಿಯಲ್ಲಿ ಕಿಂಡಿ ಬಿಡಿ. ಅಲ್ಯೂಮಿನಿಯಂನಲ್ಲಿ ಕರೆಂಟ್ ಹರಿಯುತ್ತದೆ. ಅಟ್ಟದಲ್ಲಿ ಹಳೆಯ ವಯರ್ ಇದ್ದರೆ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಮೇನ್ ಆಫ್ ಮಾಡಿಯೇ ಕೆಲಸ ಮಾಡಿಸಿ.

ನನ್ನ ಕೋಣೆಯ ಥರ್ಮಾಮೀಟರ್ ಮಧ್ಯಾಹ್ನ ಮೊದಲು 38 ತೋರಿಸುತ್ತಿತ್ತು, ಆಮೇಲೆ 35. ಎರಡೂ ದಿನದ ಬಿಸಿಲು ಒಂದೇ ಇತ್ತು ಎಂದು ಹೇಳಲಾರೆ. ಬೆವರೂ ನಿಂತಿಲ್ಲ. ಕರಾವಳಿಯ ಗಾಳಿಯ ತೇವಕ್ಕೆ ಫಾಯಿಲ್ ಏನೂ ಮಾಡದು. ಆದರೆ ತಲೆಯ ಮೇಲೆ ಕೆಂಡ ಹಿಡಿದಂತಿದ್ದ ಉರಿ ಹೋಯಿತು, ಅಜ್ಜಿ ಒಳಗೇ ಮಲಗುತ್ತಾರೆ. ಮುಂದೆ ಎ.ಸಿ. ತಂದರೂ ಅದು ಕಡಿಮೆ ಹೊತ್ತು ಓಡೀತು.

ಇನ್ನೊಂದು ಮಾತು ನಮ್ಮ ಪ್ರಾಂಶುಪಾಲರಿಗೆ. ಮೇಲಿನ ಮಹಡಿಯ ಎರಡು ತರಗತಿಗಳಿಗೂ ಶೀಟ್ ಮಾಡೇ ಇದೆ, ಮಾರ್ಚ್‌ನಲ್ಲಿ ಪರೀಕ್ಷೆ ನಡೆಯುವುದೂ ಅಲ್ಲೇ. ಒಂದು ಕೋಣೆಗೆ ಮಾತ್ರ ಫಾಯಿಲ್ ಹಾಕಿಸಿ ಕೊಡಿ. ಭೌತಶಾಸ್ತ್ರ ಪ್ರಯೋಗಾಲಯದ ಥರ್ಮಾಮೀಟರ್ ಹಿಡಿದು ಎರಡೂ ಕೋಣೆಗಳ ಉಷ್ಣತೆಯನ್ನು ಒಂದೇ ದಿನ, ಒಂದೇ ಹೊತ್ತಿಗೆ ಬರೆದಿಡಲು ನಾವು ಐದು ಜನ ತಯಾರಿದ್ದೇವೆ.