ದೀಪ ಉರಿಯುತ್ತಿದೆ, ಪರದೆ ಮಾತ್ರ ಕಪ್ಪು

ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದು ನೋಡಿದರೆ ಹಿಂದಿನ ಬೀದಿಯ ರಾಯರು. ಅವರ ಹಿಂದೆ ಅತ್ತು ಅತ್ತು ಕಣ್ಣು ಕೆಂಪಾದ ಮಗಳು. ರಾಯರು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು. ಮಗಳು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಅವಳ ಕೈಯಲ್ಲೊಂದು ಸೀರೆ ಅಂಗಡಿಯ ಚೀಲ, ಚೀಲದೊಳಗೆ ಲ್ಯಾಪ್‌ಟಾಪ್.

"ಅಂಕಲ್, ಮಧ್ಯಾಹ್ನದಿಂದ ಸ್ಕ್ರೀನೇ ಬರ್ತಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಇದರೊಳಗೇ ಇದೆ. ನಾಡಿದ್ದು ಕೊಡಬೇಕು" ಎಂದಳು.

"ಸಂಜೆ ಒಂದು ಅಂಗಡಿಗೆ ತೋರಿಸಿದೆವು ಸಾರ್" ಎಂದು ರಾಯರು ಮುಂದುವರಿಸಿದರು. "ಮದರ್‌ಬೋರ್ಡ್ ಹೋಗಿದೆ, 18,000 ರೂಪಾಯಿ ಆಗುತ್ತೆ, ಒಳಗಿರೋದು ಉಳಿಯುತ್ತೆ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ ಅಂದ್ರು. ಮೂರು ವರ್ಷದ ಹಿಂದೆ ಸೊಸೈಟಿಯಲ್ಲಿ ಸಾಲ ಎತ್ತಿ ಕೊಡಿಸಿದ್ದು. ಸಾಲವೇ ಇನ್ನೂ ತೀರಿಲ್ಲ."

ಅಂಗಡಿಯವರು ಎಷ್ಟು ಹೊತ್ತು ನೋಡಿದರು ಎಂದು ಕೇಳಿದೆ. "ಬಟನ್ ಒತ್ತಿದರು, ಪರದೆ ನೋಡಿದರು, ಹೇಳಿದರು" ಎಂದರು ರಾಯರು. ಅಂದರೆ ಅರ್ಧ ನಿಮಿಷ!

ಕಪ್ಪು ಪರದೆ ಜ್ವರ ಇದ್ದ ಹಾಗೆ. ಮಳೆಯಲ್ಲಿ ನೆನೆದರೂ ಜ್ವರ ಬರುತ್ತದೆ, ಟೈಫಾಯ್ಡ್ ಆದರೂ ಬರುತ್ತದೆ. ಹಣೆ ಮುಟ್ಟಿ ನೋಡಿದ ಮಾತ್ರಕ್ಕೆ ಯಾವುದೆಂದು ಹೇಳಲಾಗದು. ಆದರೆ ಲ್ಯಾಪ್‌ಟಾಪಿನ ವಿಷಯದಲ್ಲಿ ಒಂದು ಅನುಕೂಲವಿದೆ. ಒಂದು ಸ್ಕ್ರೂ ಕೂಡ ಬಿಚ್ಚದೆ, ಮನೆಯಲ್ಲಿರುವ ಟಾರ್ಚ್ ಮತ್ತು ಟಿವಿಯ ಸಹಾಯದಿಂದಲೇ ರೋಗ ಎಲ್ಲಿದೆಯೆಂಬುದನ್ನು ಬಹುಮಟ್ಟಿಗೆ ಪತ್ತೆ ಮಾಡಬಹುದು.

ಮೊದಲು ತಿಳಿಯಬೇಕಾದದ್ದು ಯಂತ್ರ ಬದುಕಿದೆಯೇ ಇಲ್ಲವೇ ಎಂಬುದು. ನಮ್ಮ ಹುಡುಗಿಯ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಚಾರ್ಜರ್ ಸಿಕ್ಕಿಸಿ ಪವರ್ ಗುಂಡಿ ಒತ್ತಿದೆವು. ಪುಟ್ಟ ದೀಪ ಹತ್ತಿಕೊಂಡಿತು. ಕಿವಿಗೊಟ್ಟರೆ ಫ್ಯಾನಿನ ಸಣ್ಣ ಸದ್ದು. ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಕೀಲಿ ಒತ್ತಲು ಹೇಳಿದೆ. ಅದರ ದೀಪ ಹತ್ತಿತು. ಇನ್ನೊಮ್ಮೆ ಒತ್ತಿದಾಗ ಆರಿತು. ಇದು ಸಣ್ಣ ಸಂಗತಿಯಲ್ಲ. ಕೀಲಿ ಒತ್ತಿದ್ದು ಒಳಗೆ ತಲುಪಿದೆ, ಒಳಗಿನಿಂದ ಉತ್ತರವೂ ಬಂದಿದೆ ಎಂದರ್ಥ. ಆಮೇಲೆ ಪೆನ್ ಡ್ರೈವ್ ಸಿಕ್ಕಿಸಿದೆವು. ವಿಂಡೋಸ್ 'ಟುಣ್' ಎಂದು ಸದ್ದು ಮಾಡಿತು. ಹುಡುಗಿಯ ಮುಖದಲ್ಲಿ ಸ್ವಲ್ಪ ಜೀವ ಬಂತು. ಸತ್ತ ಮದರ್‌ಬೋರ್ಡ್ ಟುಣ್ ಎನ್ನುವುದಿಲ್ಲವಲ್ಲ!

ಈಗ ಟಾರ್ಚಿನ ಸರದಿ. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು, ಓರೆಯಾಗಿ ಬೆಳಕು ಬೀರಿ ನೋಡಿದೆವು. ಕಪ್ಪಿನೊಳಗೆ ಮಬ್ಬುಮಬ್ಬಾಗಿ ಗಡಿಯಾರದ ಅಂಕಿಗಳು, ಅವಳು ಹಾಕಿಕೊಂಡಿದ್ದ ಜೋಗ ಜಲಪಾತದ ಚಿತ್ರದ ನೆರಳು! ರಾಯರಂತೂ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

ಇದು ಹೇಗೆ ಸಾಧ್ಯ? ಬಹುತೇಕ ಲ್ಯಾಪ್‌ಟಾಪುಗಳ ಪರದೆಗೆ ಸ್ವಂತ ಬೆಳಕಿಲ್ಲ. ಚಿತ್ರ ಮೂಡಿಸುವುದು ದ್ರವ ಸ್ಫಟಿಕವೆಂಬ ತೆಳು ಪದರ. ಅದರ ಪ್ರತಿಯೊಂದು ಚುಕ್ಕೆಯೂ ಕಿಟಕಿಯ ಪುಟ್ಟ ಬಾಗಿಲಿನಂತೆ ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಬೆಳಕು ಬರುವುದು ಅದರ ಹಿಂದಿರುವ ದೀಪಸಾಲಿನಿಂದ. ಹಿಂದಿನ ದೀಪ ಆರಿದರೆ ಕಿಟಕಿಗಳು ತಮ್ಮ ಪಾಡಿಗೆ ತೆರೆಯುತ್ತ ಮುಚ್ಚುತ್ತ ಇದ್ದರೂ ನಮಗೆ ಏನೂ ಕಾಣದು. ಸುಮಾರು 2010ರವರೆಗೆ ಬಂದ ಹಲವು ಲ್ಯಾಪ್‌ಟಾಪುಗಳಲ್ಲಿ ಈ ದೀಪ ಟ್ಯೂಬ್‌ಲೈಟಿನ ಜಾತಿಯದಾಗಿದ್ದು ನೂರಾರು ವೋಲ್ಟಿನಲ್ಲಿ ಉರಿಯುತ್ತಿತ್ತು. ಈಗಿನವುಗಳಲ್ಲಿ ಇರುವುದು ಎಲ್‌ಇಡಿ. ಒಎಲ್‌ಇಡಿ ಎಂಬ ದುಬಾರಿ ಪರದೆಗಳಲ್ಲಿ ಮಾತ್ರ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಅವುಗಳಿಗೆ ಟಾರ್ಚ್ ಪರೀಕ್ಷೆ ಅನ್ವಯಿಸುವುದಿಲ್ಲ.

ದ್ರವ ಸ್ಫಟಿಕದ ಮಾತು ಬಂದಾಗ ನಮ್ಮೂರಿನ ಸಂಗತಿಯೊಂದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ರೈನಿಟ್ಜರ್ ಮೊದಲು ಕಂಡ ಈ ವಿಚಿತ್ರ ವಸ್ತುವಿನ ಅಣುಗಳು ಕಡ್ಡಿಯಂತೆ ಉದ್ದವಾಗಿರಬೇಕು ಎಂದೇ ಬಹುಕಾಲ ನಂಬಲಾಗಿತ್ತು. ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು 1977ರಲ್ಲಿ ತೋರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಸಂಗಡಿಗರು. ಸರ್ ಸಿ.ವಿ. ರಾಮನ್ ಅವರ ಬಂಧುವಾದ ಚಂದ್ರಶೇಖರ್ ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಪರದೆಯನ್ನು ಪಕ್ಕದಿಂದ ನೋಡಿದರೂ ಚಿತ್ರ ಮಸುಕಾಗದಿರಲೆಂದು ಅಂಟಿಸುವ ತೆಳು ಹಾಳೆಗಳಲ್ಲಿ ಈ ತಟ್ಟೆ ಅಣುಗಳು ಬಳಕೆಗೆ ಬಂದವು. ಪಿಯುಸಿ ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಂಡರೆ ನಷ್ಟವಿಲ್ಲ.

ಮತ್ತೆ ನಮ್ಮ ಕಥೆಗೆ. ಟಾರ್ಚಿನಲ್ಲಿ ಚಿತ್ರ ಕಂಡಿತೆಂದರೆ ಕೆಟ್ಟಿರುವುದು ಹಿಂದಿನ ದೀಪ, ಅಥವಾ ಅದಕ್ಕೆ ವಿದ್ಯುತ್ ಹೋಗುವ ದಾರಿ. ಈ ದಾರಿ ಸಾಗುವುದು ಬಿಜಾಗರಿಯ ಮೂಲಕ. ಮದರ್‌ಬೋರ್ಡಿನಿಂದ ಹೊರಟ ತೆಳ್ಳನೆಯ ಕೇಬಲ್ ಬಿಜಾಗರಿಯ ಪಕ್ಕದಲ್ಲಿ ಹಾದು ಪರದೆಗೆ ಸೇರುತ್ತದೆ. ನಾವು ಮುಚ್ಚಳ ತೆರೆದು ಮುಚ್ಚಿದಾಗಲೆಲ್ಲ ಅದು ಬಾಗುತ್ತದೆ. ಒಂದೇ ಮೂಲೆ ಹಿಡಿದು ಎತ್ತುವ ಅಭ್ಯಾಸವಿದ್ದರಂತೂ ಒಂದು ಕಡೆಯ ಬಿಜಾಗರಿಯ ಮೇಲೆಯೇ ಭಾರ. ಪರದೆಯನ್ನು ನಿಧಾನವಾಗಿ ಹಿಂದೆ ಮುಂದೆ ಬಾಗಿಸಲು ಹೇಳಿದೆ. ಅರ್ಧ ಮುಚ್ಚಿದಂತಾದಾಗ ಒಂದು ಕ್ಷಣ ಪರದೆ ಮಿಂಚಿ ಮತ್ತೆ ಆರಿತು. ಅಲ್ಲಿಗೆ ಅನುಮಾನ ಕೇಬಲಿನ ಮೇಲೆಯೇ ಗಟ್ಟಿಯಾಯಿತು.

ರೋಗ ತಿಳಿಯಿತು, ಆದರೆ ನಾಡಿದ್ದು ಕೊಡಬೇಕಾದ ರಿಪೋರ್ಟ್? ಅದಕ್ಕೆ ಟಿವಿ ಇದೆ. ಈಗಿನ ಎಲ್ಲ ಟಿವಿಗಳಿಗೂ, ಬಹುಪಾಲು ಲ್ಯಾಪ್‌ಟಾಪುಗಳಿಗೂ ಎಚ್‌ಡಿಎಂಐ ಎಂಬ ಕಿಂಡಿಯಿರುತ್ತದೆ. ಡಿಟಿಎಚ್ ಪೆಟ್ಟಿಗೆಯಿಂದ ಟಿವಿಗೆ ಹೋಗುವ ಕೇಬಲೇ ಸಾಕು. ಅದನ್ನು ಕಿತ್ತು ಲ್ಯಾಪ್‌ಟಾಪಿಗೆ ಸಿಕ್ಕಿಸಿ ರಿಮೋಟಿನಲ್ಲಿ ಆ ಕಿಂಡಿಯನ್ನು ಆರಿಸಿದೆವು. ಟಿವಿಯಲ್ಲಿ ಜೋಗ ಜಲಪಾತವೇನೋ ಭೋರ್ಗರೆಯಿತು, ಆದರೆ ಒಂದು ಫೈಲೂ ಇಲ್ಲ! ಹುಡುಗಿ ಮತ್ತೆ ಅಳುವ ಹಾಗಾದಳು. ಫೈಲುಗಳು ಎಲ್ಲಿಗೂ ಹೋಗಿರಲಿಲ್ಲ. ವಿಂಡೋಸ್ ಟಿವಿಯನ್ನು ಎರಡನೆಯ ಪರದೆಯೆಂದು ಭಾವಿಸಿ ಫೈಲುಗಳನ್ನು ಮೊದಲನೆಯದರಲ್ಲೇ, ಅಂದರೆ ಕತ್ತಲಾದ ಪರದೆಯಲ್ಲೇ ಇಟ್ಟುಕೊಂಡಿತ್ತು. ವಿಂಡೋಸ್ ಕೀಲಿ ಒತ್ತಿ ಹಿಡಿದು ಪಿ ಅಕ್ಷರವನ್ನು ಒಮ್ಮೆ, ಮತ್ತೊಮ್ಮೆ ಒತ್ತಿ ಎಂಟರ್ ಹೊಡೆದರೆ ಈ ಹಂಚಿಕೆ ಬದಲಾಗುತ್ತದೆ. ಕಣ್ಣು ಕಟ್ಟಿ ಆಡಿದಂತೆ ಎರಡು ಮೂರು ಸಲ ಪ್ರಯತ್ನಿಸಬೇಕಾದೀತು, ಪ್ರತಿ ಸಲವೂ ಕೆಲವು ಕ್ಷಣ ಕಾಯಬೇಕು. ಮೂರನೆಯ ಸಲಕ್ಕೆ ಎಲ್ಲವೂ ಟಿವಿಗೆ ಬಂತು. ರಿಪೋರ್ಟನ್ನು ಆಗಲೇ ಪೆನ್ ಡ್ರೈವಿಗೆ ಒಂದು, ಇಮೇಲಿಗೆ ಒಂದು ಪ್ರತಿ ಮಾಡಿಸಿದೆ.

ಟಿವಿಯಲ್ಲಿ ಚಿತ್ರ ಬಂದರೆ ಮದರ್‌ಬೋರ್ಡಿನ ಮುಖ್ಯ ಭಾಗಗಳೆಲ್ಲ ಚೆನ್ನಾಗಿವೆ ಎಂದೇ ಲೆಕ್ಕ. ಯಾರಾದರೂ ಮದರ್‌ಬೋರ್ಡ್ ಬದಲಿಸಬೇಕು ಎಂದರೆ ಮೊದಲು ಇದನ್ನು ತೋರಿಸಿ, ಆಮೇಲೆ ಮಾತಾಡಿ. ಕೆಲವೊಮ್ಮೆ ದೀಪಕ್ಕೆ ವಿದ್ಯುತ್ ಕೊಡುವ ಅಕ್ಕಿಕಾಳಿಗಿಂತ ಚಿಕ್ಕ ಫ್ಯೂಸ್ ಮದರ್‌ಬೋರ್ಡಿನ ಮೇಲೆ ಸುಟ್ಟಿರುವುದುಂಟು. ಅದಕ್ಕಾಗಿ ಇಡೀ ಮದರ್‌ಬೋರ್ಡ್ ಬದಲಿಸುವುದು ಬಲ್ಬು ಹೋಯಿತೆಂದು ಮನೆ ಕೆಡವಿದ ಹಾಗೆ. ಡೆಲ್ ಲ್ಯಾಪ್‌ಟಾಪ್ ಇರುವವರಿಗೆ ಇನ್ನೊಂದು ಸೌಕರ್ಯವಿದೆ. ಯಂತ್ರ ಆರಿಸಿ, ಡಿ ಅಕ್ಷರ ಒತ್ತಿ ಹಿಡಿದುಕೊಂಡು ಪವರ್ ಗುಂಡಿ ಒತ್ತಿದರೆ ಪರದೆ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಒಂದರ ನಂತರ ಒಂದು ಬಣ್ಣ ತೋರಿಸುತ್ತದೆ.

ಎಲ್ಲರ ಮನೆಯ ಲ್ಯಾಪ್‌ಟಾಪೂ ಇಷ್ಟು ಸಲೀಸಾಗಿ ಉತ್ತರ ಕೊಡದು. ಫ್ಯಾನ್ ತಿರುಗುತ್ತದೆ, ಕ್ಯಾಪ್ಸ್ ಲಾಕ್ ಮಾತ್ರ ಮಿಸುಕುವುದಿಲ್ಲ ಎನ್ನಿ. ಆಗ ಮೊದಲು ಮಾಡಬೇಕಾದದ್ದು ಹೀಗೆ: ಚಾರ್ಜರ್ ಕಿತ್ತುಬಿಡಿ, ಬ್ಯಾಟರಿ ಹೊರಗಿನಿಂದಲೇ ತೆಗೆಯುವಂಥದ್ದಾದರೆ ಅದನ್ನೂ ತೆಗೆಯಿರಿ, ಸಿಕ್ಕಿಸಿರುವ ಪೆನ್ ಡ್ರೈವ್, ಮೌಸ್ ಎಲ್ಲವನ್ನೂ ಬಿಚ್ಚಿ. ಪವರ್ ಗುಂಡಿಯನ್ನು ಅರ್ಧ ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಒಳಗೆ ಅಲ್ಲಲ್ಲಿ ಉಳಿದುಕೊಂಡ ವಿದ್ಯುತ್ ಖಾಲಿಯಾಗಿ ಯಂತ್ರ ಮೊದಲಿನಿಂದ ಲೆಕ್ಕ ಶುರು ಮಾಡುತ್ತದೆ. ಅನಂತರ ಚಾರ್ಜರ್ ಮಾತ್ರ ಕೊಟ್ಟು ಆನ್ ಮಾಡಿ. ನಂಬಲಾಗದಷ್ಟು ಸಲ ಇಷ್ಟರಿಂದಲೇ ಸರಿಹೋದದ್ದನ್ನು ನಾನು ಕಂಡಿದ್ದೇನೆ.

ಇದರಿಂದಲೂ ಆಗದಿದ್ದರೆ ರ‍್ಯಾಮ್ ಪಟ್ಟಿ ಸಡಿಲವಾಗಿರಬಹುದು, ಅದರ ಕಾಲುಗಳಿಗೆ ಕಿಲುಬು ಹಿಡಿದಿರಬಹುದು. ಮಲೆನಾಡು, ಕರಾವಳಿಯ ಮಳೆಗಾಲದ ತೇವ ಇದಕ್ಕೆ ಒಳ್ಳೆಯ ಗೊಬ್ಬರ. ಪಟ್ಟಿಯನ್ನು ತೆಗೆದು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ ಮತ್ತೆ ಕೂರಿಸುವುದು ಹಳೆಯ ಉಪಾಯ. ಆದರೆ ಒಳಗಿನ ಬ್ಯಾಟರಿಯ ತಂತಿ ಬಿಚ್ಚದೆ ಅದಕ್ಕೆ ಕೈ ಹಾಕಬಾರದು, ವಾರಂಟಿ ಇದ್ದರಂತೂ ಬೇಡವೇ ಬೇಡ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿಯೇ ಬಿಟ್ಟಿರುತ್ತಾರೆ. ಯಂತ್ರ ಬೀಪ್ ಬೀಪ್ ಎಂದು ಕೂಗುತ್ತಿದ್ದರೆ, ಇಲ್ಲವೇ ದೀಪ ಒಂದು ಕ್ರಮದಲ್ಲಿ ಮಿನುಗುತ್ತಿದ್ದರೆ ಎಷ್ಟು ಸಲ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಅದು ಯಂತ್ರದ ಸಂಕೇತಭಾಷೆ. ತಯಾರಕರ ಕೈಪಿಡಿಯಲ್ಲಿ ಅದರ ಅರ್ಥವಿರುತ್ತದೆ.

ದೀಪವೇ ಹತ್ತದಿದ್ದರೆ? ಪ್ಲಗ್ಗು, ಎಕ್ಸ್‌ಟೆನ್ಷನ್ ಬೋರ್ಡು, ಚಾರ್ಜರು, ಈ ಕ್ರಮದಲ್ಲಿ ನೋಡಿ. ಮೊಬೈಲಿನ ಚಾರ್ಜರ್ ತುದಿ ಲ್ಯಾಪ್‌ಟಾಪಿಗೂ ಹೊಂದುತ್ತದೆಯೆಂದು ಅದನ್ನೇ ಸಿಕ್ಕಿಸುವ ಮಕ್ಕಳಿದ್ದಾರೆ. 45 ಅಥವಾ 65 ವಾಟ್ ಬೇಡುವ ಯಂತ್ರ 18 ವಾಟಿಗೆ ಏಳದಿರಬಹುದು. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಸರಿಯಾದ ಚಾರ್ಜರ್ ಹಾಕಿದರೂ ಕಾಲು ಗಂಟೆ ಕಾಯಬೇಕಾದೀತು. ಒಂದು ಎಚ್ಚರಿಕೆ: ಬೆರಳಾಡಿಸುವ ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಒಳಗೆ ಬ್ಯಾಟರಿ ಊದಿದೆ ಎಂದರ್ಥ. ತಕ್ಷಣ ಚಾರ್ಜರ್ ಕಿತ್ತು ಯಂತ್ರ ಆರಿಸಿ, ಮತ್ತೆ ಚಾರ್ಜ್ ಮಾಡಬೇಡಿ, ಒತ್ತಿ ಚುಚ್ಚಿ ನೋಡಬೇಡಿ. ಅದು ಬೆಂಕಿಯ ವಿಷಯ.

ಇನ್ನು ಕಂಪನಿಯ ಹೆಸರು ಬಂದು ಆಮೇಲೆ ಪರದೆ ಕಪ್ಪಾದರೆ ಪರದೆ ನಿರಪರಾಧಿ, ದೋಷ ತಂತ್ರಾಂಶದ್ದು. ವಿಂಡೋಸ್ ಕೀಲಿ, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಚಿತ್ರ ಮೂಡಿಸುವ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಬಾಣದ ಗುರುತು ಮಾತ್ರ ಕಾಣುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ಕರೆಯಬಹುದು. ಅದಕ್ಕೂ ಬಗ್ಗದಿದ್ದರೆ, ವಿಂಡೋಸ್ ಏಳುವಾಗಲೇ ಪವರ್ ಗುಂಡಿ ಒತ್ತಿ ಹಿಡಿದು ಆರಿಸುವುದನ್ನು ಎರಡು ಮೂರು ಸಲ ಮಾಡಿದರೆ ಅದು ತಾನಾಗಿಯೇ ದುರಸ್ತಿಯ ಪುಟ ತೋರಿಸುತ್ತದೆ. ಅಲ್ಲಿಂದ ಸೇಫ್ ಮೋಡ್‌ಗೆ ದಾರಿಯಿದೆ. ಅಲ್ಲಿ ಬಿಟ್‌ಲಾಕರ್ ಕೀಲಿ ಕೇಳಿದರೆ ಗಾಬರಿಯಾಗಬೇಡಿ. ಹಲವು ವಿಂಡೋಸ್ 11 ಲ್ಯಾಪ್‌ಟಾಪುಗಳು ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಲ್ಲಿ ಇಟ್ಟಿರುತ್ತವೆ. 48 ಅಂಕಿಗಳ ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊಬೈಲಿನಿಂದಲೂ ನೋಡಬಹುದು. ಯಂತ್ರ ಚೆನ್ನಾಗಿರುವಾಗಲೇ ಇದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೀಲಿ ಕಳೆದರೆ ಡಿಸ್ಕು ಚೆನ್ನಾಗಿದ್ದೂ ಫೈಲು ಸಿಗದು.

ನಗು ಬರಿಸುವ ಪ್ರಸಂಗವೂ ಉಂಟು. ಪರಿಚಿತರ ಮಗನ ಲ್ಯಾಪ್‌ಟಾಪ್ ಬರೆಯುವಾಗೆಲ್ಲ ಇದ್ದಕ್ಕಿದ್ದಂತೆ ಕಪ್ಪಾಗುತ್ತಿತ್ತು. ಹೋಗಿ ನೋಡಿದರೆ ಅವನು ಅಯಸ್ಕಾಂತದ ಗುಂಡಿಯಿರುವ ಮೊಬೈಲ್ ಕವಚವನ್ನು ಕೀಲಿಮಣೆಯ ಅಂಚಿಗೆ ಇಡುತ್ತಿದ್ದ. ಮುಚ್ಚಳ ಮುಚ್ಚಿದೆಯೆಂದು ಲ್ಯಾಪ್‌ಟಾಪಿಗೆ ಗೊತ್ತಾಗುವುದು ಮುಚ್ಚಳದಲ್ಲಿರುವ ಅಯಸ್ಕಾಂತದಿಂದ. ಮೊಬೈಲು ಬಂದು ಕೂತಾಗ ಮುಚ್ಚಳ ಬಿತ್ತೆಂದು ತಿಳಿದು ಅದು ನಿದ್ದೆಗೆ ಹೋಗುತ್ತಿತ್ತು. ಹಾಗೆಯೇ, ಸೂರ್ಯನ ಚಿತ್ರವಿರುವ ಕೀಲಿ ಒತ್ತಿ ಬೆಳಕನ್ನು ಪೂರ್ತಿ ತಗ್ಗಿಸಿಕೊಂಡು ಅಂಗಡಿಗೆ ಓಡಿದವರೂ ಇದ್ದಾರೆ.

ಅಂಗಡಿಗೆ ಕೊಡಲೇಬೇಕಾದಾಗ ತಂದೆತಾಯಂದಿರು ಜೊತೆಯಲ್ಲಿ ಹೋಗುವುದು ಒಳ್ಳೆಯದು. ರಸೀದಿಯಲ್ಲಿ 'ಆನ್ ಆಗುತ್ತಿಲ್ಲ' ಎಂದು ಬರೆಸಬೇಡಿ. 'ಟಿವಿಯಲ್ಲಿ ಚಿತ್ರ ಬರುತ್ತದೆ, ಪರದೆಯ ದೀಪ ಹತ್ತುವುದಿಲ್ಲ' ಎಂದು ಬರೆಸಿ. ಯಂತ್ರದ ಸೀರಿಯಲ್ ನಂಬರೂ ಇರಲಿ. ಡಿಸ್ಕನ್ನು ಫಾರ್ಮ್ಯಾಟ್ ಮಾಡಕೂಡದೆಂದು ಸ್ಪಷ್ಟವಾಗಿ ಹೇಳಿ, ಪರದೆಯ ರಿಪೇರಿಗೆ ಅದರ ಅಗತ್ಯವೇ ಇಲ್ಲ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಬೇಗ ಸಿಗುತ್ತದೆ, ಬೇರೆ ಊರುಗಳಲ್ಲಿ ತರಿಸಲು ನಾಲ್ಕೈದು ದಿನ ಹಿಡಿಯುತ್ತದೆ.

ರಾಯರ ಮಗಳ ಲ್ಯಾಪ್‌ಟಾಪಿಗೂ ಹಾಗೆಯೇ ಆಯಿತು. ಇನ್ನೊಂದು ಅಂಗಡಿಯವರು ಬಿಚ್ಚಿ ನೋಡಿ, ಬಿಜಾಗರಿಯ ಬಳಿ ಸವೆದಿದ್ದ ಕೇಬಲನ್ನು ತೋರಿಸಿ, ಹೊಸದು ತರಿಸಿ ಹಾಕಿಕೊಟ್ಟರು. ಕೂಲಿ ಸೇರಿ 1,600 ರೂಪಾಯಿ. ಅಷ್ಟರೊಳಗೆ ಅವಳು ಮನೆಯ ಟಿವಿಯ ಮುಂದೆ ಚಾಪೆ ಹಾಸಿ ಕೂತು ರಿಪೋರ್ಟ್ ಮುಗಿಸಿ ಕೊಟ್ಟಾಗಿತ್ತು. ಆ ದಿನಗಳಲ್ಲಿ ಸಂಜೆಯ ಧಾರಾವಾಹಿ ತಪ್ಪಿಹೋದದ್ದಕ್ಕೆ ಅವಳ ಅಜ್ಜಿ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ.