ಉಪ್ಪಿನ ಬೆಟ್ಟ ನೋಡಲು ಹೊರಟಿದ್ದೀರಾ?

ಉಪ್ಪು ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಸಮುದ್ರ. ಗೋಕರ್ಣಕ್ಕೆ ಹೋಗಿಬಂದವರು ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನಾಗರಗಳನ್ನು ಕಂಡೇ ಇರುತ್ತೀರಿ. ಆದರೆ ಬೆಟ್ಟದ ಇಳಿಜಾರಿನಲ್ಲಿ, ಮೂರು ಸಾವಿರ ಮೀಟರಿಗೂ ಎತ್ತರದಲ್ಲಿ ಉಪ್ಪು ತೆಗೆಯುತ್ತಾರೆ ಅಂದರೆ ನಂಬ್ತೀರಾ? ದಕ್ಷಿಣ ಅಮೆರಿಕದ ಪೆರು ದೇಶದ ಮಾರಾಸ್ ಎಂಬ ಊರಿನಲ್ಲಿ ಇಂಕಾ ಅರಸರಿಗಿಂತಲೂ ಮೊದಲಿನಿಂದ ಈ ಕೆಲಸ ನಡೆದುಬಂದಿದೆ. ಅಮೆರಿಕದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಅವಳ ಜತೆ ಅಲ್ಲಿಗೂ ಹೋಗಿಬಂದೆ. ಬಂದಮೇಲೆ ಗೆಳತಿಯರೆಲ್ಲ "ನಾವೂ ಹೋಗಬೇಕು ಕಣೇ, ಹೇಗೆ ಹೋಗೋದು ಹೇಳು" ಅಂತ ಬೆನ್ನುಹತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ಬೆಟ್ಟದೊಳಗಿನ ಹಳೆಯ ಉಪ್ಪಿನ ಪದರಗಳನ್ನು ಕರಗಿಸಿಕೊಂಡು ಒಂದು ಸಣ್ಣ ಒರತೆ ಹೊರಬರುತ್ತದೆ. ಬೆರಳದ್ದಿ ನಾಲಿಗೆಗೆ ಇಟ್ಟರೆ ಉಪ್ಪಿನಕಾಯಿ ಜಾಡಿಯ ನೀರಿನಷ್ಟು ಉಪ್ಪು! ಆ ನೀರನ್ನು ಅಂಗೈಯಗಲದ ಕಾಲುವೆಗಳಲ್ಲಿ ಹರಿಸಿ ಮೂರು ಸಾವಿರಕ್ಕೂ ಹೆಚ್ಚು ಪುಟ್ಟ ಮಡಿಗಳಿಗೆ ತುಂಬಿಸುತ್ತಾರೆ. ಮಡಿ ತುಂಬಿದಮೇಲೆ ಬಾಯಿ ಮುಚ್ಚುತ್ತಾರೆ, ಬಿಸಿಲಿಗೆ ನೀರು ಆರುತ್ತದೆ, ಮತ್ತೆ ತುಂಬಿಸುತ್ತಾರೆ. ಹೀಗೆ ಸುಮಾರು ತಿಂಗಳು ಕಳೆದರೆ ದಪ್ಪ ಉಪ್ಪು ಕಟ್ಟಿರುತ್ತದೆ. ಮೇಲಿನ ಬಿಳಿ ಪದರ ಊಟಕ್ಕೆ, ತಳದ ಮಣ್ಣು ಬೆರೆತದ್ದು ದನಕರುಗಳಿಗೆ. ಯಂತ್ರವಿಲ್ಲ, ಕರೆಂಟಿಲ್ಲ. ಮಡಿಗಳೆಲ್ಲ ಸುತ್ತಲ ಹಳ್ಳಿಯ ಕುಟುಂಬಗಳದ್ದೇ.

ಯಾವಾಗ ಹೋಗಬೇಕು? ನವೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಮಳೆ. ಆಗ ಹೋದರೆ ಕಾಣುವುದು ಕೆಸರುಗೆಂಪು ನೀರು ಅಷ್ಟೆ. ಮಕ್ಕಳ ಬೇಸಿಗೆ ರಜೆಗೆ ಹೊಂದಿಸುವುದಾದರೆ ಮೇ ತಿಂಗಳು ಪರವಾಗಿಲ್ಲ, ಮಳೆ ನಿಂತಿರುತ್ತದೆ. ಅಪ್ಪಟ ಬಿಳುಪು ಬೇಕೆಂದರೆ ಜೂನ್ ನಂತರವೇ ಸರಿ. ಆದರೆ ಅದು ಅಲ್ಲಿ ಚಳಿಗಾಲ, ರಾತ್ರಿ ಸ್ವೆಟರ್ ಸಾಲುವುದಿಲ್ಲ. ಜೂನ್ 24ರ ಸೂರ್ಯನ ಹಬ್ಬದ ಆಸುಪಾಸಿನಲ್ಲಿ ಹೋಟೆಲು ದರ ಕೇಳುವುದೇ ಬೇಡ.

ಇಲ್ಲಿಂದ ನೇರ ವಿಮಾನವಿಲ್ಲ. ಎಲ್ಲೋ ಇಳಿದು, ವಿಮಾನ ಬದಲಿಸಿ ರಾಜಧಾನಿ ಲಿಮಾ, ಅಲ್ಲಿಂದ ಕುಸ್ಕೋ. ಪೆರು ವೀಸಾದ ಜತೆಗೆ ಮಧ್ಯೆ ಇಳಿಯುವ ದೇಶಕ್ಕೂ ವೀಸಾ ಬೇಕೇ ಎಂದು ಟಿಕೆಟ್‌ಗೆ ಮುಂಚೆಯೇ ವಿಚಾರಿಸಿ. ಇನ್ನೊಂದು, ಬಹಳ ಜನ ಮರೆಯುವುದು: ಹಳದಿ ಜ್ವರದ ಲಸಿಕೆ. ಪೆರುವಿನಿಂದ ವಾಪಸು ಬರುವವರಿಗೆ ಭಾರತದ ವಿಮಾನ ನಿಲ್ದಾಣದಲ್ಲಿ ಅದರ ಸರ್ಟಿಫಿಕೇಟ್ ಕೇಳುತ್ತಾರೆ. ಇಲ್ಲದಿದ್ದರೆ ಮನೆ ಬಾಗಿಲಿಗೆ ಬಂದೂ ಕ್ವಾರಂಟೈನ್! ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಅದಕ್ಕೆ ಬೆಲೆ. ಅರವತ್ತು ದಾಟಿದ ಅತ್ತೆ-ಮಾವ ಜತೆಗಿದ್ದರೆ ಮೊದಲು ಡಾಕ್ಟರನ್ನು ಕೇಳಿ.

ಈಗ ನಾನು ಮಾಡಿದ ತಪ್ಪು. ಕುಸ್ಕೋ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯೇ ಎರಡು ಸಾವಿರ ಮುಟ್ಟುವುದಿಲ್ಲ, ಲೆಕ್ಕ ಹಾಕಿ. ನಾನು ಇಳಿದ ದಿನವೇ ಅಂಗಡಿ ಸುತ್ತಲು ಹೊರಟೆ. ಸಂಜೆಗೆ ತಲೆ ಸಿಡಿತ, ವಾಂತಿ. ಎರಡು ದಿನ ಮಂಚ ಬಿಟ್ಟೇಳಲಿಲ್ಲ. ತಂಗಿ ಸೂಪು ಮಾಡಿಸಿ ತಂದುಕೊಡುತ್ತಾ "ಅಕ್ಕಾ, ಮನೆಯಲ್ಲೂ ಹೀಗೇ ಒಂದು ದಿನವಾದರೂ ಮಲಗಿದ್ದೀಯಾ?" ಅಂದಳು. ಅದು ಬೇರೆ ಲೇಖನದ ವಿಷಯ ಬಿಡಿ. ನೀವು ಹಾಗೆ ಮಾಡಬೇಡಿ. ಕುಸ್ಕೋದಲ್ಲಿ ಇಳಿದವರು ಅಂದೇ ಕೆಳಗಿನ ಉರುಬಾಂಬಾ ಊರಿಗೆ ಹೋಗಿ ಎರಡು ರಾತ್ರಿ ಇರಿ. ಅದು ಐನೂರು ಮೀಟರ್ ತಗ್ಗು, ಮಾರಾಸ್‌ಗೂ ಹತ್ತಿರ. ಹೊಟ್ಟೆತುಂಬಾ ಉಣ್ಣಬೇಡಿ, ನೀರು ಕುಡಿಯಿರಿ. ಬಿ.ಪಿ., ಹೃದಯ, ಆಸ್ತಮಾ ತೊಂದರೆ ಇದ್ದವರು ಹೊರಡುವ ಮುನ್ನವೇ ವೈದ್ಯರ ಸಲಹೆ ಪಡೆಯಿರಿ. ಹೋಟೆಲಿನಲ್ಲಿ ಕೋಕಾ ಎಲೆಯ ಚಹಾ ಕೊಡುತ್ತಾರೆ. ಅಲ್ಲಿ ಅದು ಮಾಮೂಲು. ಆದರೆ ನೆನಪಿಗೆಂದು ಒಂದೆಲೆಯನ್ನೂ ಬ್ಯಾಗಿಗೆ ಹಾಕಬೇಡಿ, ನಮ್ಮ ದೇಶದಲ್ಲಿ ಅದು ಕಾನೂನುಬಾಹಿರ.

ಉಪ್ಪಿನ ಮಡಿಗಳಿಗೆ ಪ್ರತ್ಯೇಕ ಟಿಕೆಟ್. ಕುಸ್ಕೋದ ಪ್ರವಾಸಿ ಟಿಕೆಟ್ ಪಕ್ಕದ ಮೊರಾಯ್‌ನ ವೃತ್ತಾಕಾರದ ಮೆಟ್ಟಿಲುಗದ್ದೆಗಳಿಗೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಅಲ್ಲಿಯ ಹಣ 'ಸೋಲ್' ಚಿಲ್ಲರೆಯಾಗಿ ಕೈಯಲ್ಲಿರಲಿ. ಟೋಪಿ, ಕಪ್ಪು ಕನ್ನಡಕ ಮರೆಯಬೇಡಿ, ಬಿಳಿ ಉಪ್ಪಿನ ಮೇಲಿನ ಬಿಸಿಲು ಕಣ್ಣು ಕುಕ್ಕುತ್ತದೆ.

ಮೊದಲು ಮಡಿಗಳ ನಡುವೆ ನಡೆಯಲು ಬಿಡುತ್ತಿದ್ದರು. ಪ್ರವಾಸಿಗರಿಂದ ಉಪ್ಪು ಕೊಳೆಯಾಗತೊಡಗಿದ್ದರಿಂದ 2019ರಲ್ಲಿ ನಿಲ್ಲಿಸಿದರು. ಈಗ ಮೇಲಿನಿಂದಲೇ ನೋಡಬೇಕು. ನಾವು ಹೋದ ದಿನ ಒಬ್ಬಾಕೆ ಹಗ್ಗ ಎತ್ತಿ ಒಳಗೆ ಇಳಿದೇಬಿಟ್ಟರು. ಕಾವಲಿನವ ಸೀಟಿ ಊದಿದರೆ, "ಇಷ್ಟು ದುಡ್ಡು ಖರ್ಚು ಮಾಡಿ ಬಂದಿದ್ದೀವಿ, ಒಂದು ಫೋಟೋ ತೆಗೆದರೆ ಏನಾಗುತ್ತೆ?" ಅಂತ ದಬಾಯಿಸಿದರು. ಏನಾಗುತ್ತೆ? ನೀವು ಮಾಳಿಗೆ ಮೇಲೆ ಹಪ್ಪಳ-ಸಂಡಿಗೆ ಹರವಿ ಬಂದಿರುತ್ತೀರಿ. ಯಾರೋ ಚಪ್ಪಲಿ ಮೆಟ್ಟಿಕೊಂಡು ಅದರ ಮಧ್ಯೆ ಓಡಾಡಿ ಫೋಟೋ ಹಿಡಿದರೆ ಸುಮ್ಮನಿರುತ್ತೀರಾ? ಆ ಉಪ್ಪು ಇನ್ಯಾರದೋ ಅಡುಗೆಮನೆಗೆ ಹೋಗುತ್ತದೆ. ಹಳ್ಳಿಯವರ ಸಂಸಾರ ನಡೆಯುವುದೂ ಅದರಿಂದಲೇ. ಗೈಡ್ "ಸ್ವಲ್ಪ ಒಳಗೆ ಬಿಡಿಸ್ತೀನಿ" ಅಂದರೂ ಬೇಡ ಅನ್ನಿ.

ಬಾಗಿಲ ಬಳಿ ಗುಲಾಬಿ ಉಪ್ಪಿನ ಪೊಟ್ಟಣ ಮಾರುತ್ತಾರೆ, ಖಂಡಿತ ಕೊಳ್ಳಿ. ಆದರೆ "ಇದು ಬಿ.ಪಿ.ಗೆ ಒಳ್ಳೆಯದು" ಎಂಬ ಮಾತು ನಂಬಬೇಡಿ. ಬಣ್ಣ ಯಾವುದಾದರೂ ಉಪ್ಪು ಉಪ್ಪೇ. ಪೊಟ್ಟಣದ ಮೇಲೆ ಅಯೋಡಿನ್ ಎಂದು ಬರೆದಿಲ್ಲವಾದರೆ ದಿನದ ಸಾರಿಗೆ ನಮ್ಮ ಅಯೋಡಿನ್ ಉಪ್ಪೇ ಇರಲಿ. ನಾನು ತಂದದ್ದು ಒಗ್ಗರಣೆ ಡಬ್ಬಿಯ ಪಕ್ಕ ಚಿಕ್ಕ ಭರಣಿಯಲ್ಲಿದೆ. ಮಾವಿನಕಾಯಿ ಹೋಳಿನ ಮೇಲೆ ಉದುರಿಸಲು ಮಾತ್ರ ತೆಗೆಯುತ್ತೇನೆ, ಅದೂ ಮಕ್ಕಳು ಕೇಳಿದರೆ.